ಬೆಳಗ್ಗೆ 6:05ಕ್ಕೆ ಇಳಿದವರಿಗೆ ನೈಟ್ ಸಫಾರಿ ಟಿಕೆಟ್: ಹಣ ವಾಪಸ್ ಕೋರಿ ದೂರು

ಇವರಿಗೆ,
ಗ್ರಾಹಕ ದೂರು ಅಧಿಕಾರಿಗಳು,
ಪ್ರವಾಸ ಪ್ಯಾಕೇಜ್ ವಿಭಾಗ

ವಿಷಯ: ಸಿಂಗಾಪುರದ ‘ಲೇಓವರ್ ಝೂ ಪ್ಯಾಕೇಜ್’ (ಎರಡು ವಿಮಾನಗಳ ನಡುವಿನ ಬಿಡುವಿನಲ್ಲಿ ಝೂ ನೋಡುವುದು) ಮೂರು ಜನರ ಹಣ 25,200 ರೂಪಾಯಿ ಮತ್ತು ‘ನೋ ಶೋ’ (ಗ್ರಾಹಕರು ಬರಲಿಲ್ಲ) ಎಂದು ಕಡಿತ ಮಾಡಿದ 2,600 ರೂಪಾಯಿ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ನಿಮ್ಮ ಆ್ಯಪಿನಲ್ಲಿ ಈ ದೂರನ್ನು ಒಮ್ಮೆ ಬರೆದಿದ್ದೆ. ಅಲ್ಲಿ 500 ಅಕ್ಷರಕ್ಕಿಂತ ಜಾಸ್ತಿ ಬರೆಯಲು ಬಿಡಲಿಲ್ಲ. 12 ದಿನ ಬಿಟ್ಟು ‘ಗ್ರಾಹಕರು ಪಿಕಪ್ ಜಾಗಕ್ಕೆ ಬರಲಿಲ್ಲ, ದೂರು ಮುಕ್ತಾಯ’ ಎಂದು ಉತ್ತರ ಬಂತು. ನಾವು ಬಂದಿದ್ದೆವು. ಅದಕ್ಕೇ ಈ ಸಲ ಪೂರ್ತಿ ಬರೆಯುತ್ತಿದ್ದೇನೆ. ದಯವಿಟ್ಟು ಯಾರಾದರೂ ಮನುಷ್ಯರು ಓದಿ.

ನಮ್ಮ ಮನೆ ಮೈಸೂರಿನ ಇಟ್ಟಿಗೆಗೂಡಿನಲ್ಲಿ, ಝೂ ಪಕ್ಕದಲ್ಲೇ. ರಾತ್ರಿ ಸಿಂಹ ಕೂಗುವುದು ನಮ್ಮ ಹಾಸಿಗೆಗೆ ಕೇಳಿಸುತ್ತದೆ. ನನ್ನ ಅಮ್ಮನಿಗೆ ಈಗ 74 ವರ್ಷ. 1892ರಿಂದ ಇರುವ ಆ ಝೂನಲ್ಲಿ ಅವರು ಕಳೆದಷ್ಟು ಹೊತ್ತನ್ನು ನಾನು ಶಾಲೆಯಲ್ಲಿ ಕಳೆದಿಲ್ಲ ಅನಿಸುತ್ತದೆ. 2021ರಲ್ಲಿ ಅಲ್ಲಿಗೆ ಸಿಂಗಾಪುರದ ಝೂನಿಂದ ಒರಾಂಗುಟಾನ್‌ಗಳು ಬಂದವು. ಅಂದಿನಿಂದ ಅಮ್ಮನದು ಒಂದೇ ಮಾತು: ‘ಇವುಗಳ ತವರುಮನೆ ಒಂದ್ಸಲ ನೋಡ್ಬೇಕು ಕಣೋ.’

ಮೆಲ್ಬರ್ನ್‌ನಲ್ಲಿರುವ ತಂಗಿಯ ಮನೆಗೆ ಹೊರಟಾಗ ಅದಕ್ಕೆ ಅವಕಾಶ ಸಿಕ್ಕಿತು. ಬೆಂಗಳೂರಿನಿಂದ ಹೊರಟು ಸಿಂಗಾಪುರದಲ್ಲಿ ಇಳಿಯುವುದು ಬೆಳಗ್ಗೆ 6:05ಕ್ಕೆ. ಅಲ್ಲಿಂದ ಮುಂದಿನ ವಿಮಾನ ಸಂಜೆ 7:55ಕ್ಕೆ. ನಡುವೆ ಸುಮಾರು 14 ಗಂಟೆ. ಝೂ ಬೆಳಗ್ಗೆ 8:30ಕ್ಕೆ ತೆರೆದು ಸಂಜೆ 6ಕ್ಕೆ ಮುಚ್ಚುತ್ತದೆ. ನಮಗೇ ಅಂತ ಹೊಲಿಸಿದ ಹಾಗಿತ್ತು.

ಲೇಓವರ್‌ನಲ್ಲಿ ಝೂ ನೋಡುವುದು ನನಗೆ ಹೊಸದಲ್ಲ. 2016ರಲ್ಲಿ ಆಫೀಸ್ ಕೆಲಸ ಮುಗಿಸಿ ಬರುವಾಗ ಫ್ರಾಂಕ್‌ಫರ್ಟ್‌ನಲ್ಲಿ ಏಳೂವರೆ ಗಂಟೆ ಕಾಯಬೇಕಿತ್ತು. ಯುರೋಪಿನ ಷೆಂಗೆನ್ ವೀಸಾ ಇತ್ತು. ಏರ್‌ಪೋರ್ಟಿನಲ್ಲೇ ರೈಲು ಹತ್ತಿ, ಕಾನ್‌ಸ್ಟಾಬ್ಲರ್‌ವಾಖೆಯಲ್ಲಿ ಇಳಿದು ಸುರಂಗ ರೈಲು ಹಿಡಿದರೆ ಮುಂದಿನ ಸ್ಟೇಷನ್ನಿನ ಹೆಸರೇ ‘ಝೂ’. 1858ರ ಹಳೇ ಝೂ ಅದು. ಅಲ್ಲಿ ಒಂದು ಕಟ್ಟಡದೊಳಗೆ ಹಗಲು ದೀಪ ಆರಿಸಿ ಕತ್ತಲು ಮಾಡುತ್ತಾರೆ. ರಾತ್ರಿ ಎಚ್ಚರವಿರುವ ಪ್ರಾಣಿಗಳು ಆಗ ಓಡಾಡುತ್ತವೆ, ಹಗಲಲ್ಲಿ ಬಂದವರಿಗೂ ಕಾಣುತ್ತವೆ. ಆ ಏಳೂವರೆ ಗಂಟೆಯಲ್ಲಿ ಝೂ ಒಳಗೆ ನನಗೆ ಸಿಕ್ಕಿದ್ದು ಎರಡೂವರೆ ಗಂಟೆ. ಉಳಿದದ್ದೆಲ್ಲ ಇಮಿಗ್ರೇಷನ್, ರೈಲು, ವಾಪಸ್ ಬಂದು ಸೆಕ್ಯುರಿಟಿ ಕ್ಯೂ. ಟಿಕೆಟ್ ಮೇಲಿನ ಗಂಟೆ ಬೇರೆ, ಕೈಗೆ ಸಿಗುವ ಗಂಟೆ ಬೇರೆ ಎಂದು ಅವತ್ತೇ ಗೊತ್ತಾಗಿತ್ತು. ಈ ಸಲ ಅಮ್ಮ ಜೊತೆಗಿದ್ದರು. ಅಲೆದಾಟ ಬೇಡ, ದುಡ್ಡು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ ಎಂದು ನಿಮ್ಮ ಪ್ಯಾಕೇಜ್ ತೆಗೆದುಕೊಂಡೆ. ತಲೆಗೆ 8,400 ರೂಪಾಯಿ. ಚಾಂಗಿ ಏರ್‌ಪೋರ್ಟಿನಿಂದ ಕಾರು, ಝೂ ಟಿಕೆಟ್, ಒರಾಂಗುಟಾನ್ ಪಕ್ಕದಲ್ಲೇ ಕೂತು ಬೆಳಗಿನ ತಿಂಡಿ, ಮತ್ತೆ ಏರ್‌ಪೋರ್ಟಿಗೆ ಕಾರು. ತಿಂಡಿ ತಟ್ಟೆಯ ಹಿಂದೆ ಒರಾಂಗುಟಾನ್ ಕೂತಿರುವ ಫೋಟೋ ನಿಮ್ಮ ಪುಟದಲ್ಲಿ ಈಗಲೂ ಇದೆ.

ಹೊರಡುವ ಎರಡು ದಿನ ಮುಂಚೆ ವೋಚರ್ ಬಂತು. ತೆರೆದು ನೋಡಿದರೆ ‘ನೈಟ್ ಸಫಾರಿ, ಪ್ರವೇಶ ಸಂಜೆ 7:15’. ಪಿಕಪ್ ‘6:05 ಪಿಎಂ’.

ಏನಾಗಿದೆ ಎಂದು ಒಂದೇ ನಿಮಿಷದಲ್ಲಿ ಗೊತ್ತಾಯಿತು. ನಿಮ್ಮ ಕಡೆ ಯಾರೋ 06:05 ಅನ್ನು ಸಂಜೆ ಅಂತ ಓದಿಕೊಂಡಿದ್ದಾರೆ. ಸಂಜೆ ಬರುವವರಿಗೆ ಝೂ ಮುಚ್ಚಿರುತ್ತದೆ, ಹಾಗಾಗಿ ರಾತ್ರಿಯ ಝೂಗೆ ಟಿಕೆಟ್ ತೆಗೆದಿದ್ದಾರೆ. ತಪ್ಪಿನೊಳಗೂ ಒಂದು ಲೆಕ್ಕ ಇತ್ತು, ಅದನ್ನು ಒಪ್ಪುತ್ತೇನೆ. ನಮ್ಮ ಮುಂದಿನ ವಿಮಾನ 7:55ಕ್ಕೆ ಎಂದು ಅದೇ ವೋಚರಿನ ಕೆಳಗೆ ಅಚ್ಚಾಗಿತ್ತು. 7:15ಕ್ಕೆ ನೈಟ್ ಸಫಾರಿ ಇರುವ ಮಂಡಾಯಿಯ ಕಾಡಿನಲ್ಲಿ ಟ್ರ್ಯಾಮ್ ಹತ್ತುವವರು 7:55ಕ್ಕೆ ಚಾಂಗಿಯಲ್ಲಿ ವಿಮಾನದೊಳಗೆ ಹೇಗೆ ಇರುತ್ತಾರೆ? ಆ ಟ್ರ್ಯಾಮ್ ಸುತ್ತಿಗೇ ಸುಮಾರು 40 ನಿಮಿಷ ಬೇಕು. ಫ್ರಾಂಕ್‌ಫರ್ಟ್‌ನವರು ಹಗಲನ್ನು ರಾತ್ರಿ ಮಾಡುವುದು ಪ್ರಾಣಿಗಳಿಗೆ. ನೀವು ಪ್ರಯಾಣಿಕರಿಗೇ ಮಾಡಿಬಿಟ್ಟಿರಿ.

ತಕ್ಷಣ ಫೋನ್ ಮಾಡಿದೆ. ಮಾತಾಡಿದ ಹುಡುಗ ಕನ್ನಡದವನೇ, ತುಂಬಾ ಮರ್ಯಾದೆಯಿಂದ ಮಾತಾಡಿದ. ‘ಸರ್, ಎರಡೂ ಒಂದೇ ಕಡೆ ಇರೋದು. ಗೇಟಲ್ಲಿ ತೋರಿಸಿದ್ರೆ ಬದಲಾಯಿಸಿ ಕೊಡ್ತಾರೆ. ಪಿಕಪ್ ಬೆಳಗ್ಗೆನೇ ಬರುತ್ತೆ, ನಾನು ನೋಟ್ ಹಾಕಿದ್ದೀನಿ’ ಎಂದ. ಲಿಖಿತವಾಗಿ ಕಳಿಸಪ್ಪಾ ಎಂದೆ. ‘ಸಿಸ್ಟಮ್‌ನಲ್ಲಿ ಆಪ್ಷನ್ ಇಲ್ಲ ಸರ್’ ಎಂದ. ಆ ಕರೆ 11 ನಿಮಿಷದ್ದು. ಗುಣಮಟ್ಟಕ್ಕಾಗಿ ರೆಕಾರ್ಡ್ ಮಾಡುತ್ತೇವೆ ಎಂದು ನೀವೇ ಹೇಳುತ್ತೀರಲ್ಲ, ಕೇಳಿ ನೋಡಿ.

ಸಿಂಗಾಪುರದಲ್ಲಿ ಇಳಿದು 7:10ಕ್ಕೆ ನಾವು ಹೊರಗಿದ್ದೆವು. ಬೋರ್ಡ್ ಹಿಡಿದವರ ಸಾಲಿನಲ್ಲಿ ನಮ್ಮ ಹೆಸರು ಇರಲಿಲ್ಲ. ನಿಮ್ಮ 24 ಗಂಟೆಯ ಸಹಾಯವಾಣಿಗೆ ಫೋನ್ ಮಾಡಿದರೆ, ಬೆಳಗ್ಗೆ 9ರ ನಂತರ ಕರೆ ಮಾಡಿ ಎಂದಿತು ಒಂದು ಹೆಣ್ಣುದನಿ. ಅದು ಭಾರತದ 9 ಗಂಟೆ. ನಮಗೆ ಹನ್ನೊಂದೂವರೆ. ಆ್ಯಪ್ ತೆರೆದರೆ ‘ನಿಮ್ಮ ಪ್ರವಾಸ ಶುರುವಾಗಲು ಇನ್ನು 10 ಗಂಟೆ! ಖುಷಿಯಾಗಿರಿ!’ ಎಂದು ಬಣ್ಣದ ಬಲೂನು ಹಾರಿಸುತ್ತಿತ್ತು. ಅಮ್ಮ ಒಂದು ಕಂಬಕ್ಕೆ ಒರಗಿ ಬ್ಯಾಗಿನಿಂದ ಡಬ್ಬಿ ತೆಗೆದರು. ಕೋಡುಬಳೆ ಮುರಿದು ನನಗೊಂದು, ಹೆಂಡತಿಗೊಂದು ಕೊಟ್ಟರು. ಒರಾಂಗುಟಾನ್ ಜೊತೆ ತಿನ್ನಬೇಕಿದ್ದ ತಿಂಡಿ ಅದೇ ಆಯಿತು. ಒಂದೂ ಮುಕ್ಕಾಲು ಗಂಟೆ ಕಾದ ಮೇಲೆ ಅಮ್ಮನೇ ಎದ್ದು ನಿಂತರು. ‘ಇಲ್ಲೇ ಕೂತಿದ್ರೆ ಕೋತಿ ಇಲ್ಲಿಗೇ ಬರುತ್ತಾ? ನಡಿ’ ಎಂದರು.

ಟ್ಯಾಕ್ಸಿ ಹಿಡಿದೆವು, 38 ಡಾಲರ್ ಆಯಿತು. ಝೂ ಗೇಟಿನಲ್ಲಿ ವೋಚರ್ ತೋರಿಸಿದೆ. ಕೌಂಟರಿನ ಹೆಣ್ಣುಮಗಳು ಎರಡು ಸಲ ಓದಿ, ಇದು ಬೇರೆ ಪಾರ್ಕು, ಬೇರೆ ಟಿಕೆಟ್, ಬೇರೆ ಗೇಟು ಎಂದು ಸಮಾಧಾನವಾಗಿ ಹೇಳಿದಳು. ಅವಳು ಹೇಳಿದ್ದು ಸರಿ. ಝೂ ಇರುವುದು 1973ರಿಂದ, ನೈಟ್ ಸಫಾರಿ ಶುರುವಾಗಿದ್ದು 1994ರಲ್ಲಿ. ಹೊಸ ಪಕ್ಷಿಧಾಮವೂ 2023ರಲ್ಲಿ ಅಲ್ಲೇ ತೆರೆದಿದೆ. ಎಲ್ಲ ಅಕ್ಕಪಕ್ಕ ಇದ್ದರೂ ಒಂದರ ಟಿಕೆಟ್ ಇನ್ನೊಂದಕ್ಕೆ ನಡೆಯುವುದಿಲ್ಲ. ಇದನ್ನು ಮಾರುವ ನಿಮಗೆ ಗೊತ್ತಿರಬೇಕಿತ್ತು, ಅಲ್ವಾ? ಮೂರು ಹೊಸ ಟಿಕೆಟ್ ಕೊಂಡೆವು. ಹತ್ತು ಸಾವಿರ ರೂಪಾಯಿ ಹತ್ತಿರ ಆಯಿತು.

ಝೂ ಬಗ್ಗೆ ನನ್ನದೇನೂ ದೂರಿಲ್ಲ. ಅದನ್ನೂ ಹೇಳಿಬಿಡುತ್ತೇನೆ, ಆಮೇಲೆ ಪ್ರವಾಸ ಹಾಳಾಯಿತು ಎಂದು ನಾನು ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಅನ್ನಬೇಡಿ. ಒರಾಂಗುಟಾನ್ ಇರುವ ಕಡೆ ಮರದಿಂದ ಮರಕ್ಕೆ ದಪ್ಪ ಹಗ್ಗ ಕಟ್ಟಿದ್ದಾರೆ. ತಲೆ ಎತ್ತಿದರೆ ನಡುವೆ ಕಂಬಿಯೂ ಇಲ್ಲ, ಗಾಜೂ ಇಲ್ಲ. ಒಂದು ತಾಯಿ ಮರಿಯನ್ನು ಹೊಟ್ಟೆಗೆ ಅವಚಿಕೊಂಡು ನಮ್ಮ ತಲೆಯ ಮೇಲೇ ದಾಟಿತು. ಎಷ್ಟು ನಿಧಾನ ಎಂದರೆ, ಒಂದು ಕೈ ಬಿಟ್ಟು ಇನ್ನೊಂದು ಕೈ ಹಿಡಿಯುವುದರೊಳಗೆ ನಿಂತು ಕೆಳಗೆ ನಮ್ಮನ್ನೇ ನೋಡಿತು. ಅಮ್ಮ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ‘ಬಟ್ಟೆ ಒಣಗಿಸೋ ಹಗ್ಗದ ಮೇಲೆ ಹೋದ ಹಾಗೆ ಹೋಗ್ತಿದೆ ನೋಡೋ’ ಎಂದರು. ಅಷ್ಟರಲ್ಲಿ 11 ದಾಟಿತ್ತು, ಬೆಳಗಿನ ತಿಂಡಿಯ ಹೊತ್ತು ಮುಗಿದಿತ್ತು. ಮಧ್ಯಾಹ್ನ ಧೋ ಎಂದು ಮಳೆ ಬಂತು. ಬೇಗ ಬಂದಿದ್ದರೆ ಬಿಳಿ ಹುಲಿ ಎಲ್ಲ ಮುಗಿಸಿರುತ್ತಿದ್ದೆವು. ಚಾವಣಿಯೊಂದರ ಕೆಳಗೆ ಮುಕ್ಕಾಲು ಗಂಟೆ ನಿಂತು, ಅಲ್ಲಿಂದಲೇ ಏರ್‌ಪೋರ್ಟಿಗೆ ಹೊರಟೆವು.

ಇನ್ನು ‘ನೋ ಶೋ’ ವಿಷಯ. ಸಂಜೆ 6:10ಕ್ಕೆ ನಾವು ಸೆಕ್ಯುರಿಟಿ ಒಳಗಿದ್ದಾಗ ಫೋನ್ ಬಂತು. ನಿಮ್ಮ ಡ್ರೈವರ್. ತಮಿಳು ಮಾತಾಡುವವರು. ‘ಅರೈವಲ್ ಹತ್ರ ನಿಮ್ಮ ಹೆಸರಿನ ಬೋರ್ಡ್ ಹಿಡಿದು ನಿಂತಿದ್ದೀನಿ ಸಾರ್, ಎಲ್ಲಿದ್ದೀರಿ?’ ಎಂದು ಕೇಳಿದರು. ನಾವು ಬಂದು 12 ಗಂಟೆ ಆಯಿತು, ಈಗ ಹೊರಡುತ್ತಿದ್ದೇವೆ ಎಂದೆ. ಪಾಪ, ಆ ಮನುಷ್ಯ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ನಕ್ಕುಬಿಟ್ಟರು. ನನಗೂ ನಗು ಬಂತು. ಮೆಲ್ಬರ್ನ್ ತಲುಪಿ ಫೋನ್ ಆನ್ ಮಾಡಿದಾಗ ನಗು ನಿಂತಿತು. ಕಾರ್ಡಿನಿಂದ 2,600 ರೂಪಾಯಿ ಕಡಿತವಾಗಿತ್ತು. ಕಾರಣ: ಗ್ರಾಹಕರು ಬರಲಿಲ್ಲ.

ನಿಮ್ಮ ಪುಟದಲ್ಲಿ ಇನ್ನೊಂದು ಸಾಲಿದೆ. ಅದರಿಂದ ನನಗೆ ನಷ್ಟವಾಗಲಿಲ್ಲ, ಬೇರೆಯವರಿಗೆ ಆಯಿತು. ‘ಟ್ರಾನ್ಸಿಟ್ ಪ್ರಯಾಣಿಕರಿಗೆ ವೀಸಾ ಚಿಂತೆ ಇಲ್ಲ’ ಎಂದು ಬರೆದಿದ್ದೀರಿ. ಭಾರತದ ಪಾಸ್‌ಪೋರ್ಟಿಗೆ ಇದು ತಪ್ಪು. ಏರ್‌ಪೋರ್ಟಿನಿಂದ ಹೊರಗೆ ಕಾಲಿಡಲು ಸಿಂಗಾಪುರದ ವೀಸಾ ಬೇಕು. ಆಸ್ಟ್ರೇಲಿಯಾ, ಅಮೆರಿಕ, ಬ್ರಿಟನ್, ಜಪಾನ್ ಹೀಗೆ ಕೆಲವೇ ದೇಶಗಳ ಚಾಲ್ತಿ ವೀಸಾ ಇದ್ದು, ಮುಂದಿನ ಟಿಕೆಟ್ಟೂ ಕೈಲಿದ್ದರೆ 96 ಗಂಟೆವರೆಗೆ ವೀಸಾ ಇಲ್ಲದೆ ಬಿಡುವ ವ್ಯವಸ್ಥೆ ಇದೆ. ಅದೂ ಷರತ್ತಿನ ಮೇಲೆ. ಬಿಡುವುದೂ ಬಿಡದಿರುವುದೂ ಕೌಂಟರಿನಲ್ಲಿ ಕೂತ ಅಧಿಕಾರಿಗೆ ಸೇರಿದ್ದು. ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ಅರೈವಲ್ ಕಾರ್ಡ್ ತುಂಬಬೇಕು. ನಮ್ಮ ಹತ್ತಿರ ಆಸ್ಟ್ರೇಲಿಯಾ ವೀಸಾ ಇತ್ತು, ನಾನೇ ಹುಡುಕಿ ಓದಿಕೊಂಡಿದ್ದೆ, ಹಾಗಾಗಿ ಪಾರಾದೆವು. ನಮ್ಮ ವಿಮಾನದಲ್ಲೇ ದಾವಣಗೆರೆ ಕಡೆಯ ಗಂಡ ಹೆಂಡತಿ ಇದ್ದರು. ಬಾಲಿಗೆ ಹೊರಟವರು, ಕೈಯಲ್ಲಿ ನಿಮ್ಮದೇ ಪ್ಯಾಕೇಜ್. ಅವರಿಗೆ ಬೇರಾವ ದೇಶದ ವೀಸಾವೂ ಇರಲಿಲ್ಲ. ಮೂರನೇ ಟರ್ಮಿನಲ್ಲಿನ ಒಳಗೇ ಚಿಟ್ಟೆಗಳ ತೋಟ ಇದೆ, ಅದಕ್ಕೆ ಹೊರಗೆ ಹೋಗಬೇಕಿಲ್ಲ, ದುಡ್ಡೂ ಇಲ್ಲ ಎಂದು ಹೇಳಿ ಕಳಿಸಿದೆ. 16,800 ರೂಪಾಯಿ ಕೊಟ್ಟವರು ಪುಕ್ಕಟೆ ಚಿಟ್ಟೆ ನೋಡಿಕೊಂಡು ಹೋದರು. ಅವರ ದೂರು ಅವರು ಬರೆಯುತ್ತಾರೆ. ನೀವು ಆ ಸಾಲನ್ನಾದರೂ ತೆಗೆಯಿರಿ.

ನಾನು ಕೇಳುತ್ತಿರುವುದು ಇಷ್ಟು. ಪ್ಯಾಕೇಜಿನ 25,200 ಮತ್ತು ನೋ ಶೋ ಎಂದು ಹಿಡಿದ 2,600, ಒಟ್ಟು 27,800 ರೂಪಾಯಿ ಅದೇ ಕಾರ್ಡಿಗೆ ವಾಪಸ್ ಬರಬೇಕು. ನಾನೇ ಕೊಂಡ ಝೂ ಟಿಕೆಟ್, ಟ್ಯಾಕ್ಸಿ ದುಡ್ಡು ಕೇಳುತ್ತಿಲ್ಲ. ಝೂ ನೋಡಿದ್ದು ನಾವೇ ತಾನೇ, ಅದಕ್ಕೆ ನಾವೇ ಕೊಡಬೇಕು. ಮುಂದಿನ ಖರೀದಿಗೆ ಕೂಪನ್ ಕೊಡುತ್ತೇವೆ ಎಂದು ಮಾತ್ರ ಹೇಳಬೇಡಿ. ಪ್ಯಾಕೇಜ್ ಮಾರುವ ಮೊದಲು ವಿಮಾನ ಬರುವ ಹೊತ್ತು, ಹೋಗುವ ಹೊತ್ತು, ಝೂ ತೆರೆಯುವ ಹೊತ್ತು ಈ ಮೂರನ್ನೂ ಯಾರಾದರೂ ಒಟ್ಟಿಗೆ ಇಟ್ಟು ನೋಡುವ ಹಾಗೆ ಮಾಡಿ. 24 ಗಂಟೆಯ ಗಡಿಯಾರದಲ್ಲಿ ಬರೆದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿದ 48 ಗಂಟೆಯೊಳಗೆ ನೀವು ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ ದೂರುದಾರ ಇರುವ ಊರಿನಲ್ಲೇ ಕೇಸು ಹಾಕಬಹುದು. ಐದು ಲಕ್ಷದವರೆಗೆ ಶುಲ್ಕವೂ ಇಲ್ಲ. ಹೆದರಿಸಲು ಇದನ್ನು ಬರೆಯುತ್ತಿಲ್ಲ. ನಿಮ್ಮ ಕಚೇರಿ ಬೇರೆ ಊರಿನಲ್ಲಿದೆ, ಈ ಮನುಷ್ಯ ಅಲ್ಲಿವರೆಗೆ ಬರುತ್ತಾನಾ ಎಂದು ನೀವು ಅಂದುಕೊಂಡಿದ್ದರೆ, ನಾನು ಬರಬೇಕಿಲ್ಲ ಎಂದು ತಿಳಿಸುತ್ತಿದ್ದೇನೆ.

ವೋಚರ್, ಬೋರ್ಡಿಂಗ್ ಪಾಸ್, ಝೂ ಟಿಕೆಟ್ ರಸೀದಿ, ಕಾರ್ಡಿನ ಸ್ಟೇಟ್‌ಮೆಂಟ್, ಬಲೂನು ಹಾರುತ್ತಿದ್ದ ಆ್ಯಪಿನ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.

ಕೊನೆಗೆ ಒಂದು ವಿಷಯ. ಸಂಜೆ ಬಂದ ಆ ಡ್ರೈವರ್ ತಪ್ಪು ಏನೂ ಇಲ್ಲ. ಅವರಿಗೆ ಕೊಟ್ಟ ಸಮಯಕ್ಕೆ ಸರಿಯಾಗಿ ಬಂದಿದ್ದರು. ನಮ್ಮ 2,600 ವಾಪಸ್ ಕೊಡುವಾಗ ಅದನ್ನು ಅವರ ಬಾಡಿಗೆಯಿಂದ ಹಿಡಿಯಬೇಡಿ. ಹಿಡಿದಿಲ್ಲ ಎಂದು ಉತ್ತರದಲ್ಲಿ ಒಂದು ಸಾಲು ಬರೆಯಿರಿ.

ಇಂತಿ,
ನಿಮ್ಮ ಗ್ರಾಹಕ,
ಇಟ್ಟಿಗೆಗೂಡು, ಮೈಸೂರು