ಹಳೇ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕುವವರಿಗೆ

ಎಲ್ಲರಿಗೂ ನಮಸ್ಕಾರ. ಸೆಕೆಂಡ್‌ಹ್ಯಾಂಡ್ ಯುಪಿಎಸ್ ಕೊಂಡವರು ದಯವಿಟ್ಟು ಓದಿ. ನಿನ್ನೆ ನನ್ನದನ್ನು ಬಿಚ್ಚಿದೆ. ಒಳಗಿದ್ದ 12 ವೋಲ್ಟ್, 7 ಎಎಚ್ (ಆಂಪಿಯರ್-ಅವರ್, ಅಂದರೆ ಬ್ಯಾಟರಿಯ ಸಾಮರ್ಥ್ಯ) ಬ್ಯಾಟರಿ ಎರಡೂ ಉಬ್ಬಿ, ಟ್ರೇಗೆ ಕಚ್ಚಿಕೊಂಡಿದ್ದವು. ಹೀಗಾಗಿದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಒಡೆದರೆ ಆಸಿಡ್ ಹೊರಗೆ ಬರುತ್ತದೆ. ನಿಧಾನಕ್ಕೆ ಕೈಯಲ್ಲೇ ಎಳೆಯಿರಿ.

ಬಿಚ್ಚುವ ಮೊದಲು ಸ್ವಿಚ್ ಆಫ್ ಮಾಡಿ, ಪ್ಲಗ್ ಕೀಳಿ. ಉಂಗುರ, ಬಳೆ ತೆಗೆದಿಡಿ. ವೈರ್‌ಗಳು ಹೇಗಿವೆ ಅಂತ ಒಂದು ಫೋಟೋ ತೆಗೆದುಕೊಳ್ಳಿ, ಆಮೇಲೆ ಗೊಂದಲ ಇರುವುದಿಲ್ಲ. ಎರಡು ಬ್ಯಾಟರಿ ಇದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ. ದುಡ್ಡು ಉಳಿಯಲಿ ಅಂತ ಒಂದನ್ನೇ ಹಾಕಿದರೆ ಹಳೆಯದು ಹೊಸದನ್ನೂ ಬೇಗ ಹಾಳು ಮಾಡುತ್ತದೆ. ಟರ್ಮಿನಲ್ (ವೈರ್ ಸಿಕ್ಕಿಸುವ ಲೋಹದ ಪಟ್ಟಿ) ಅಗಲ ನೋಡಿಯೇ ಕೊಳ್ಳಿ: 4.8 ಮಿ.ಮೀ., 6.3 ಮಿ.ಮೀ. ಎರಡೂ ಸಿಗುತ್ತವೆ.

ಹಳೆಯ ಬ್ಯಾಟರಿ ಕಸಕ್ಕೆ ಹಾಕಲೇಬೇಡಿ, ಒಳಗೆ ಸೀಸ ಇದೆ ಅಲ್ವಾ. ಬ್ಯಾಟರಿ ಅಂಗಡಿಗೇ ವಾಪಸ್ ಕೊಡಿ.