ಕದ್ದಾಲಿಕೆಯ ಆದೇಶಕ್ಕೆ ನ್ಯಾಯಾಧೀಶರ ಸಹಿ ಬೇಕು

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನನ್ನ ತಂಗಿಯ ಮಗ ರಾತ್ರಿ ಪಾಳಿ ಮುಗಿಸಿಕೊಂಡು ಬೈಕಿನಲ್ಲಿ ಮನೆಗೆ ಬರುತ್ತಿದ್ದಾಗ ಗಸ್ತಿನಲ್ಲಿದ್ದ ಇಬ್ಬರು ಪೊಲೀಸರು ಅವನನ್ನು ತಡೆದು ನಿಲ್ಲಿಸಿದರು. ಲೈಸೆನ್ಸು, ಗಾಡಿಯ ಕಾಗದಪತ್ರಗಳನ್ನು ನೋಡಿದ ಮೇಲೆ ಮೊಬೈಲಿನ ಲಾಕ್ ತೆಗೆಸಿದರು. ವಾಟ್ಸ್‌ಆ್ಯಪ್‌ನಲ್ಲಿ ಗಾಂಜಾ ಎಂಬ ಪದವನ್ನು ಹಾಕಿ ಹುಡುಕಿದರು. ಏನೂ ಸಿಗದಿದ್ದಾಗ ಫೋನನ್ನು ಕೈಗಿತ್ತು, ಹೋಗು ಎಂದರು. ಬೈಗುಳವಿಲ್ಲ, ಹಣ ಕೇಳಲಿಲ್ಲ. ಆದರೂ ಮನೆಗೆ ಬಂದ ಹುಡುಗ ಬಹಳ ಹೊತ್ತು ಯಾರೊಂದಿಗೂ ಮಾತನಾಡಲಿಲ್ಲ. ಅವನ ತಾಯಿಯ ಸ್ಕ್ಯಾನಿಂಗ್ ವರದಿ, ಮದುವೆಗೆ ಮಾತುಕತೆ ನಡೆದಿರುವ ಹುಡುಗಿಯೊಂದಿಗೆ ಆಡಿದ ಮಾತು, ಎಲ್ಲವೂ ಅದೇ ಫೋನಿನಲ್ಲಿದ್ದವು.

ಹೀಗೆ ಬೀದಿಯಲ್ಲಿ ನಿಲ್ಲಿಸಿ ಫೋನ್ ಜಾಲಾಡುವುದಕ್ಕೆ ಕಾನೂನಿನ ಬೆಂಬಲವಿಲ್ಲ ಎಂಬುದನ್ನು ಬೆಂಗಳೂರಿಗರು ತಿಳಿದಿರಬೇಕು. ತನಿಖೆಯ ವೇಳೆ ಒಬ್ಬರ ಮೊಬೈಲನ್ನಾಗಲಿ ಇ-ಮೇಲ್ ಖಾತೆಯನ್ನಾಗಲಿ ಶೋಧಿಸಬೇಕಾದರೆ ನ್ಯಾಯಾಲಯದಿಂದ ಶೋಧನಾ ವಾರಂಟ್ ಪಡೆಯಬೇಕು, ತುರ್ತು ಸಂದರ್ಭದಲ್ಲಿ ವಾರಂಟ್ ಇಲ್ಲದೆ ಶೋಧಿಸಿದರೆ ಅದರ ಕಾರಣವನ್ನು ಬರೆದಿಡಬೇಕು ಎಂದು ನಮ್ಮ ಹೈಕೋರ್ಟ್ 2021ರ ಮಾರ್ಚ್‌ನಲ್ಲೇ ಹೇಳಿದೆ. ನನ್ನನ್ನು ಈ ಪತ್ರ ಬರೆಯಲು ಹಚ್ಚಿದ್ದು ಮಾತ್ರ ಅದಕ್ಕಿಂತ ದೊಡ್ಡ ಅಸಂಗತಿ. ಕೈಯಲ್ಲಿರುವ ಫೋನನ್ನು ತೆರೆದು ನೋಡಲು ನ್ಯಾಯಾಧೀಶರ ಅನುಮತಿ ಬೇಕೆನ್ನುವ ಈ ದೇಶದಲ್ಲಿ, ಅದೇ ಫೋನಿನಲ್ಲಿ ಆಡುವ ಪ್ರತಿಯೊಂದು ಮಾತನ್ನೂ 60 ದಿನ, ವಿಸ್ತರಿಸಿದರೆ 180 ದಿನ, ಗುಟ್ಟಾಗಿ ಕೇಳುವುದಕ್ಕೆ ಯಾವ ನ್ಯಾಯಾಧೀಶರ ಅನುಮತಿಯೂ ಬೇಕಿಲ್ಲ; ಗೃಹ ಕಾರ್ಯದರ್ಶಿಯ ಸಹಿಯೊಂದಿದ್ದರೆ ಸಾಕು.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತನಾದವನು. ಬಡಾವಣೆಯ ಪ್ರತಿ ಮನೆಯಿಂದ ನೆಲದಡಿಯ ಕೇಬಲ್ಲಿನಲ್ಲಿ ಬಂದ ಜೋಡಿ ತಂತಿಗಳು ಆಗ ಎಂಡಿಎಫ್ ಎಂದು ನಾವು ಕರೆಯುತ್ತಿದ್ದ ದೊಡ್ಡ ಚೌಕಟ್ಟಿನ ಮೇಲೆ ಕೊನೆಗೊಳ್ಳುತ್ತಿದ್ದವು. ಅಲ್ಲಿಂದ ಜಂಪರ್ ತಂತಿ ಎಳೆದು ಯಂತ್ರಕ್ಕೆ ಸೇರಿಸುತ್ತಿದ್ದೆವು. ಲೈನ್ ಕೆಟ್ಟಿದೆಯೇ ಎಂದು ನೋಡಲು ಅಲ್ಲಿ ಹೆಡ್‌ಸೆಟ್ ಹಚ್ಚಿದಾಗ ಒಮ್ಮೊಮ್ಮೆ ಯಾರದೋ ಮಾತು ಕಿವಿಗೆ ಬೀಳುತ್ತಿತ್ತು. ಅಳುತ್ತಿದ್ದ ಹೆಂಗಸೊಬ್ಬರ ದನಿ, ಮಗಳ ಫೀಸಿಗೆ ಸಾಲ ಕೇಳುತ್ತಿದ್ದ ತಂದೆಯ ದನಿ ನನಗೆ ಇಂದಿಗೂ ನೆನಪಿವೆ. ಮಾತು ಕೇಳಿಸಿದ ಕ್ಷಣವೇ ಕ್ಲಿಪ್ ತೆಗೆಯಬೇಕು, ಕೇಳಿಸಿದ್ದನ್ನು ಅಲ್ಲಿಯೇ ಬಿಟ್ಟು ಏಳಬೇಕು ಎಂದು ನಮಗೆ ಕೆಲಸ ಕಲಿಸಿದ ಹಿರಿಯರು ಹೇಳಿಕೊಟ್ಟಿದ್ದರು. ಅರೆಕ್ಷಣ ಕೇಳಿದ್ದಕ್ಕೇ ಮನಸ್ಸಿಗೆ ಮುಜುಗರವಾಗುತ್ತಿತ್ತು. ಈಗ ತಂತಿಯೂ ಬೇಡ, ಕ್ಲಿಪ್ ಹಚ್ಚುವ ನೌಕರನೂ ಬೇಡ. ಕೇಂದ್ರ ಸರ್ಕಾರವು ರೂಪಿಸಿರುವ ಸೆಂಟ್ರಲ್ ಮಾನಿಟರಿಂಗ್ ಸಿಸ್ಟಂ ಎಂಬ ವ್ಯವಸ್ಥೆಯ ಉದ್ದೇಶವೇ ದೂರಸಂಪರ್ಕ ಕಂಪನಿಗಳ ನೌಕರರ ಕೈ ಸೋಕದಂತೆ ಈ ಕೆಲಸವನ್ನು ನಡೆಸುವುದು.

ಇದರ ಬೇರು 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿದೆ. ದೂರವಾಣಿ ಸಂಭಾಷಣೆಯು ಖಾಸಗಿತನದ ಭಾಗ, ಅದಕ್ಕೆ ಸಂವಿಧಾನದ 21ನೇ ವಿಧಿಯ ರಕ್ಷಣೆಯಿದೆ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು. ಆದರೆ ನ್ಯಾಯಾಂಗದ ಪೂರ್ವಾನುಮತಿಗೆ ಕಾಯ್ದೆಯಲ್ಲಿ ಅವಕಾಶವಿಲ್ಲದ ಕಾರಣ ಅದನ್ನು ಕಡ್ಡಾಯ ಮಾಡದೆ, ಅಧಿಕಾರಿಗಳ ಪರಿಶೀಲನಾ ಸಮಿತಿಯೊಂದನ್ನು ರಚಿಸಲು ಸೂಚಿಸಿತು. ಹೊಸ ಕಾಯ್ದೆ ಬಂದಾಗಲಾದರೂ ಸಂಸತ್ತು ಈ ಕೊರತೆಯನ್ನು ತುಂಬಬಹುದಿತ್ತು. 2023ರ ದೂರಸಂಪರ್ಕ ಕಾಯ್ದೆಯೂ 2024ರ ಡಿಸೆಂಬರ್‌ನಲ್ಲಿ ಬಂದ ಅದರ ನಿಯಮಗಳೂ ಹಳೆಯ ಏರ್ಪಾಡನ್ನೇ ಉಳಿಸಿಕೊಂಡವು. ರಾಜ್ಯದಲ್ಲಿ ಗೃಹ ಕಾರ್ಯದರ್ಶಿ ಹೊರಡಿಸಿದ ಆದೇಶವನ್ನು ಪರಿಶೀಲಿಸುವವರು ಮುಖ್ಯ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ ಮತ್ತು ಸರ್ಕಾರದ ಇನ್ನೊಬ್ಬ ಕಾರ್ಯದರ್ಶಿ. ಕೇಳುವವರೂ ಅವರೇ, ಅಪ್ಪಣೆ ಕೊಡುವವರೂ ಅವರೇ, ಸರಿಯಿದೆಯೇ ಎಂದು ನೋಡುವವರೂ ಅವರೇ.

ಆ ಪರಿಶೀಲನೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಸರ್ಕಾರವೇ ನೇಮಿಸಿದ್ದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯ 2018ರ ವರದಿಯನ್ನು ನೋಡಬೇಕು. ಮಾಹಿತಿ ಹಕ್ಕಿನಡಿ ದೊರೆತ ಉತ್ತರವನ್ನು ಆಧರಿಸಿ, ಕೇಂದ್ರ ಸರ್ಕಾರವೊಂದೇ ತಿಂಗಳಿಗೆ 7,500ರಿಂದ 9,000 ಆದೇಶಗಳನ್ನು ಹೊರಡಿಸುತ್ತದೆ ಎಂದು ಆ ಸಮಿತಿ ಹೇಳಿತು. ಎರಡು ತಿಂಗಳಿಗೊಮ್ಮೆ ಸೇರುವ ಪರಿಶೀಲನಾ ಸಮಿತಿಯ ಮುಂದೆ ಪ್ರತಿ ಸಭೆಯಲ್ಲೂ 15,000ದಿಂದ 18,000 ಕಡತಗಳು ಎಂದಾಯಿತು. ಒಂದು ಕಡತಕ್ಕೆ ಒಂದೇ ನಿಮಿಷ ಎಂದುಕೊಂಡರೂ 15,000 ಕಡತಗಳಿಗೆ 250 ಗಂಟೆ ಬೇಕು. ಇದನ್ನು ಪರಿಶೀಲನೆ ಎಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ಖಾಸಗಿತನವನ್ನು ಮೂಲಭೂತ ಹಕ್ಕೆಂದು ದೇಶಕ್ಕೆ ದೊರಕಿಸಿಕೊಟ್ಟವರು ನಮ್ಮ ಊರಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದ ತೀರ್ಪು ನೀಡಿತು. ಮರುವರ್ಷ ಆಧಾರ್ ತೀರ್ಪಿನಲ್ಲಿ ಬಂದ ಒಂದು ಅಂಶವನ್ನು ನಾವು ಮರೆತಿದ್ದೇವೆ. ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಜಂಟಿ ಕಾರ್ಯದರ್ಶಿಯೊಬ್ಬರು ಆಧಾರ್ ಮಾಹಿತಿಯನ್ನು ಬಹಿರಂಗಪಡಿಸಲು ಆದೇಶಿಸಬಹುದೆಂಬ ಕಲಮನ್ನು ರದ್ದುಪಡಿಸಿದ ಕೋರ್ಟ್, ಮುಂದೆ ಇಂಥ ತೀರ್ಮಾನದಲ್ಲಿ ಇನ್ನೂ ಹಿರಿಯ ಅಧಿಕಾರಿಯ ಜೊತೆಗೆ ನ್ಯಾಯಾಂಗದ ಅಧಿಕಾರಿಯೊಬ್ಬರು, ಆದಷ್ಟು ಮಟ್ಟಿಗೆ ಹೈಕೋರ್ಟಿನ ಹಾಲಿ ನ್ಯಾಯಾಧೀಶರೇ, ಇರಬೇಕು ಎಂದಿತು. 2019ರ ತಿದ್ದುಪಡಿಯಲ್ಲಿ ಸರ್ಕಾರ ಜಂಟಿ ಕಾರ್ಯದರ್ಶಿಯ ಬದಲು ಕಾರ್ಯದರ್ಶಿ ಎಂದು ಬರೆದು, ನ್ಯಾಯಾಧೀಶರ ಮಾತನ್ನು ಕೈಬಿಟ್ಟಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರು ಹಿಡಿದ ಕೆಲಸ ಅರ್ಧಕ್ಕೇ ನಿಂತಿದೆ.

ಭಯೋತ್ಪಾದಕನ ಬೆನ್ನು ಹತ್ತಿದವರು ಕೋರ್ಟಿನ ಬಾಗಿಲಲ್ಲಿ ಕಾಯಲಾಗುವುದೇ ಎಂದು ಕೇಳುವವರಿದ್ದಾರೆ. ಬಾಂಬ್ ಸ್ಫೋಟಗಳನ್ನು ಕಂಡ ಈ ನಗರದಲ್ಲಿ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ತುರ್ತಿದ್ದಾಗ ಕೆಳಗಿನ ಅಧಿಕಾರಿಯ ಆದೇಶದ ಮೇಲೆ ಕದ್ದಾಲಿಕೆ ಶುರುಮಾಡಿ, ಏಳು ಕೆಲಸದ ದಿನಗಳೊಳಗೆ ದೃಢೀಕರಣ ಪಡೆಯಲು ಈಗಿನ ನಿಯಮದಲ್ಲೇ ಅವಕಾಶವಿದೆ. ಆ ದೃಢೀಕರಣವನ್ನು ನ್ಯಾಯಾಧೀಶರೇ ಕೊಡಲಿ ಎಂಬುದಷ್ಟೇ ನನ್ನ ಬೇಡಿಕೆ. ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಪೊಲೀಸರು ಹಬ್ಬದ ದಿನವೂ ಅವರ ಮನೆಗೆ ಹೋಗುತ್ತಾರೆ. ಅದರಿಂದ ಯಾವ ತನಿಖೆಯೂ ಕೆಟ್ಟಿಲ್ಲ.

ಇನ್ನೊಂದು ಮಾತು. ಕದ್ದಾಲಿಕೆಗೆ ಒಳಗಾದವನಿಗೆ ಅದು ಮುಗಿದ ಮೇಲೂ ಯಾರೂ ತಿಳಿಸುವುದಿಲ್ಲ, ದಾಖಲೆಗಳನ್ನು ಆರು ತಿಂಗಳಿಗೊಮ್ಮೆ ನಾಶಪಡಿಸಬೇಕೆಂಬ ನಿಯಮವೂ ಇದೆ. ಅನ್ಯಾಯವಾಗಿದೆ ಎಂದು ತಿಳಿಯದವನು ಕೋರ್ಟಿಗೆ ಹೋಗುವುದು ಹೇಗೆ? ತನಿಖೆಗೆ ತೊಂದರೆಯಿಲ್ಲದ ಹಂತದಲ್ಲಿ ಅವನಿಗೆ ತಿಳಿಸುವುದು ಕಡ್ಡಾಯವಾಗಬೇಕು.

ಕೇಂದ್ರದ ಕಾಯ್ದೆ ಬದಲಾಗುವವರೆಗೆ ರಾಜ್ಯ ಸರ್ಕಾರ ಕೈಕಟ್ಟಿ ಕೂರಬೇಕಿಲ್ಲ. ಕದ್ದಾಲಿಕೆಯ ಆರೋಪದಿಂದ 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟುಕೊಟ್ಟ ರಾಜ್ಯ ಇದು. 2019ರಲ್ಲಿ ಮತ್ತೆ ಇಂಥದೇ ಆರೋಪಗಳು ಬಂದು ಪ್ರಕರಣ ಸಿಬಿಐಗೆ ಹೋಯಿತು. ಎರಡೂ ಸಲ ಗದ್ದಲವಾದದ್ದು ರಾಜಕಾರಣಿಗಳ ಫೋನಿನ ಬಗ್ಗೆ. ಸಾಮಾನ್ಯರ ಫೋನಿನ ಲೆಕ್ಕವನ್ನು ಯಾರೂ ಕೇಳಲಿಲ್ಲ. ವರ್ಷಕ್ಕೆ ಎಷ್ಟು ಆದೇಶಗಳು ಹೊರಟವು, ಪರಿಶೀಲನಾ ಸಮಿತಿ ಎಷ್ಟು ಸಲ ಸಭೆ ಸೇರಿತು, ಎಷ್ಟು ಆದೇಶಗಳನ್ನು ರದ್ದುಪಡಿಸಿತು ಎಂಬ ಮೂರು ಸಂಖ್ಯೆಗಳನ್ನು, ಯಾರ ಹೆಸರೂ ಇಲ್ಲದೆ, ಗೃಹ ಸಚಿವರು ಮುಂದಿನ ಅಧಿವೇಶನದಲ್ಲಿ ಸದನದ ಮುಂದಿಡಲಿ. ಬೆಂಗಳೂರಿನ ಶಾಸಕರಲ್ಲಿ ಒಬ್ಬರಾದರೂ ಈ ಪ್ರಶ್ನೆಯನ್ನು ಕೇಳಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ನಿವೃತ್ತ ದೂರವಾಣಿ ನೌಕರ, ಮಲ್ಲೇಶ್ವರ, ಬೆಂಗಳೂರು