ಮೆಟ್ರೊಗೂ ತಿಂಗಳ ಪಾಸ್ ಬೇಕು

ಮಾನ್ಯ ಸಂಪಾದಕರೇ,

ಬೆಂಗಳೂರಿನ ಬಾಡಿಗೆ, ಅಡ್ವಾನ್ಸ್ ಎರಡನ್ನೂ ಭರಿಸಲಾಗದೆ ರಾಮನಗರ, ಚನ್ನಪಟ್ಟಣ, ಮದ್ದೂರಿನಂಥ ಊರುಗಳಲ್ಲಿ ಮನೆ ಮಾಡಿಕೊಂಡು, ಕಾರಿಲ್ಲದೆ ರೈಲು, ಬಸ್ಸು, ಮೆಟ್ರೊಗಳನ್ನೇ ನಂಬಿ ರಾಜಧಾನಿಗೆ ದುಡಿಯಲು ಹೋಗಿಬರುವವರು ಬಹಳ ಮಂದಿ ಇದ್ದಾರೆ. ಚನ್ನಪಟ್ಟಣದ ನಾನೂ ಅವರಲ್ಲೊಬ್ಬ. ನಮ್ಮ ತಿಂಗಳ ಖರ್ಚಿನಲ್ಲಿ ಕಾಣುವ ಒಂದು ವಿಚಿತ್ರ ಲೆಕ್ಕವನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಬಯಸುತ್ತೇನೆ.

ಊರಿನಿಂದ ಬೆಂಗಳೂರಿಗೆ ಬರುವುದು ನಮಗೆ ಅಗ್ಗ. ಬೆಂಗಳೂರಿನೊಳಗೆ ಓಡಾಡುವುದೇ ದುಬಾರಿ. ಚನ್ನಪಟ್ಟಣದಿಂದ ಬೆಂಗಳೂರಿಗೆ ಸುಮಾರು 55 ಕಿ.ಮೀ. ದೂರವಿದ್ದರೂ ಎರಡನೇ ದರ್ಜೆಯ ರೈಲ್ವೆ ಮಾಸಿಕ ಪಾಸಿನ ದರ ನೂರರ ಲೆಕ್ಕದಲ್ಲಿದೆಯೇ ಹೊರತು ಸಾವಿರ ಮುಟ್ಟುವುದಿಲ್ಲ. 2025ರ ಜುಲೈನಲ್ಲಿ ರೈಲು ಪ್ರಯಾಣ ದರ ಏರಿಸಿದಾಗಲೂ ಪಾಸಿನ ದರವನ್ನು ಹಾಗೆಯೇ ಉಳಿಸಿದ್ದರು. ಬಿಎಂಟಿಸಿ ಸಾಮಾನ್ಯ ಬಸ್ಸಿನ ತಿಂಗಳ ಪಾಸ್ ಅದೇ ವರ್ಷದ ಜನವರಿಯಲ್ಲಿ ₹1,050ರಿಂದ ₹1,200ಕ್ಕೆ ಏರಿತು ನಿಜ, ಆದರೆ ಪಾಸ್ ಎಂಬುದೊಂದು ಅಲ್ಲಿದೆ. ಮೆಟ್ರೊದಲ್ಲಿ ನಿತ್ಯ ಪ್ರಯಾಣಿಕರಿಗೆ ತಿಂಗಳ ಪಾಸೇ ಇಲ್ಲ.

2025ರ ಫೆಬ್ರುವರಿಯಲ್ಲಿ ಮೆಟ್ರೊ ಗರಿಷ್ಠ ದರವನ್ನು ₹60ರಿಂದ ₹90ಕ್ಕೆ ಏರಿಸಲಾಯಿತು. ಕೆಂಗೇರಿಯಲ್ಲಿ ರೈಲಿಳಿದು, ನೇರಳೆ ಮಾರ್ಗ ಹಿಡಿದು ವೈಟ್‌ಫೀಲ್ಡ್‌ವರೆಗೆ ಹೋಗುವವರು ಕೊಡಬೇಕಾದದ್ದು ಇದೇ ಗರಿಷ್ಠ ದರ. ಸ್ಮಾರ್ಟ್ ಕಾರ್ಡಿನ ಶೇ 5ರ ರಿಯಾಯಿತಿ ಕಳೆದರೂ ಹೋಗಿಬರಲು ದಿನಕ್ಕೆ ₹171, ತಿಂಗಳಿಗೆ 25 ದಿನದ ಕೆಲಸವೆಂದರೆ ₹4,275. ಬಾಡಿಗೆ ಉಳಿಸಲೆಂದು ಬೆಂಗಳೂರು ಬಿಟ್ಟು ಹೋದವರ ಉಳಿತಾಯದಲ್ಲಿ ದೊಡ್ಡ ಪಾಲು ಇಲ್ಲಿಯೇ ಕರಗಿಹೋಗುತ್ತದೆ. ಬಸ್ ಪಾಸಿನಲ್ಲೇ ಆ ತುದಿ ಮುಟ್ಟುತ್ತೇವೆಂದರೆ ಸಂಜೆಯ ಟ್ರಾಫಿಕ್‌ನಲ್ಲಿ ಊರಿನ ಗಾಡಿ ಸಿಗುತ್ತದೆಂಬ ಖಾತ್ರಿಯಿಲ್ಲ. ಗಾಡಿಯೊಂದು ತಪ್ಪಿದರೆ ಮುಂದಿನದಕ್ಕೆ ಎಷ್ಟು ಹೊತ್ತು ಪ್ಲಾಟ್‌ಫಾರ್ಮಿನಲ್ಲಿ ಕೂರಬೇಕಾಗುತ್ತದೆ ಎಂಬುದು ಈ ಮಾರ್ಗದವರಿಗೆಲ್ಲ ಗೊತ್ತು. ಸಂಜೆಯ ಮೆಮು ರೈಲಿನಲ್ಲಿ ಹೆಣ್ಣುಮಕ್ಕಳು ಚೀಲದ ಮೇಲೆ ಪೇಪರು ಹರಡಿ ಅವರೆಕಾಯಿ ಸುಲಿಯುತ್ತಾ ಕೂರುವುದನ್ನು ನೋಡಿದವರಿಗೆ, ಮನೆ ಮುಟ್ಟಿದ ಮೇಲೆ ಅವರಿಗೆ ಅಡುಗೆಗೆ ಎಷ್ಟು ಹೊತ್ತು ಉಳಿದಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾದದ್ದು ದೊಡ್ಡ ಅನುಕೂಲವೇ. ಆದರೆ ಗಂಡ ಪಾಸಿನ ರೈಲಿನಲ್ಲಿ, ಹೆಂಡತಿ ಟಿಕೆಟ್ಟಿಲ್ಲದ ಕೆಂಪು ಬಸ್ಸಿನಲ್ಲಿ ಒಂದೇ ಊರಿನಿಂದ ಒಂದೇ ಊರಿಗೆ ಬೇರೆಬೇರೆಯಾಗಿ ಹೋಗುವ ಮನೆಗಳೂ ನಮ್ಮಲ್ಲಿವೆ, ಏಕೆಂದರೆ ಖರ್ಚು ಹೊಂದುವುದು ಹಾಗೆ ಮಾತ್ರ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ನಮ್ಮ ಊರುಗಳ ಒಳಗೆ ಬರದೆ ಹೊರಗಿನಿಂದಲೇ ಬಳಸಿಕೊಂಡು ಹೋಗುತ್ತದೆ. ಆ ವರ್ಷದ ಆಗಸ್ಟ್‌ನಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೂ ಪ್ರವೇಶವಿಲ್ಲ. ಅದು ಕಾರಿದ್ದವರ ರಸ್ತೆ. ಆ ಬಗ್ಗೆ ಹೆಚ್ಚು ಹೇಳಿ ಪ್ರಯೋಜನವಿಲ್ಲ.

2017ರ ನಂತರ ದರ ಏರಿಸಿರಲಿಲ್ಲ, ಸಾಲ ತೀರಿಸಬೇಕು, ನಿರ್ವಹಣೆಯ ವೆಚ್ಚ ಹೆಚ್ಚಿದೆ ಎಂಬ ಮೆಟ್ರೊ ನಿಗಮದ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ದರ ಏರಿದ ಬೆನ್ನಲ್ಲೇ ಪ್ರಯಾಣಿಕರ ಸಂಖ್ಯೆ ಇಳಿದದ್ದು ಪತ್ರಿಕೆಗಳಲ್ಲೇ ವರದಿಯಾಗಿತ್ತು. ವಾರಕ್ಕೊಮ್ಮೆ ಮಾಲ್‌ಗೆ ಹೋಗುವವರಿಗೂ ತಿಂಗಳಿಡೀ ಎರಡು ಹೊತ್ತು ಹತ್ತಿಳಿಯುವವರಿಗೂ ಒಂದೇ ದರವೆಂಬುದು ವ್ಯಾಪಾರದ ದೃಷ್ಟಿಯಿಂದಲೂ ಜಾಣತನವಲ್ಲ. ಮುಂಬಯಿಯ ವರ್ಸೋವಾ–ಘಾಟ್‌ಕೋಪರ್ ಮೆಟ್ರೊ 45 ಪ್ರಯಾಣಗಳ ಮಾಸಿಕ ಪಾಸನ್ನು ಮಾರುತ್ತದೆ. ನಮ್ಮಲ್ಲಿ ಇದಕ್ಕೆ ಹೊಸ ಯಂತ್ರವೇನೂ ಬೇಕಾಗಲಾರದು. ದೇಶದ ಎಲ್ಲ ಸಾರಿಗೆಗೂ ಒಂದೇ ಎಂದು ತಂದ ಎನ್‌ಸಿಎಂಸಿ ಕಾರ್ಡ್ ಮೆಟ್ರೊ ಗೇಟುಗಳಲ್ಲಿ ಈಗಾಗಲೇ ನಡೆಯುತ್ತಿದೆ.

ಉಪನಗರ ರೈಲು ಬಂದರೆ ಎಲ್ಲವೂ ಸರಿಹೋಗುತ್ತದೆ ಎಂಬ ಮಾತೂ ಇದೆ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದ 148 ಕಿ.ಮೀ.ಗಳ ಆ ಯೋಜನೆಯಲ್ಲಿ ನಮ್ಮ ದಿಕ್ಕಿನ ‘ಪಾರಿಜಾತ’ ಮಾರ್ಗ ವೈಟ್‌ಫೀಲ್ಡ್‌ನಿಂದ ಹೊರಟು ಕೆಂಗೇರಿಗೇ ನಿಲ್ಲುತ್ತದೆ. ಕೆಂಗೇರಿಯಿಂದ ಆಚೆಗೆ ನಮಗಿರುವುದು ಈಗಿನ ಗಾಡಿಗಳೇ.

ಆದ್ದರಿಂದ ಮೆಟ್ರೊ ನಿಗಮವು ನಿತ್ಯ ಪ್ರಯಾಣಿಕರಿಗೆ ಮಾಸಿಕ ಪಾಸನ್ನು ಜಾರಿಗೆ ತರಬೇಕು. ರೈಲ್ವೆ ಪಾಸ್ ತೋರಿಸಿದವರಿಗೆ ಅದರಲ್ಲಿ ಇನ್ನಷ್ಟು ರಿಯಾಯಿತಿ ದೊರೆತರೆ ಒಳ್ಳೆಯದು. ರೈಲ್ವೆ ಕೇಂದ್ರದ್ದು, ಬಿಎಂಟಿಸಿ ರಾಜ್ಯದ್ದು, ಮೆಟ್ರೊ ಇಬ್ಬರದ್ದೂ ಆಗಿರುವುದರಿಂದ ಯಾರನ್ನು ಕೇಳಿದರೂ ಇನ್ನೊಬ್ಬರ ಕಡೆಗೆ ಕೈ ತೋರಿಸುವುದು ಸುಲಭ. ಇಂಥ ಸಮನ್ವಯಕ್ಕೆಂದೇ 2022ರ ಕಾಯ್ದೆಯಡಿ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರವಿದೆ. ಮೂರೂ ಸಂಸ್ಥೆಗಳನ್ನು ಒಂದೆಡೆ ಕೂರಿಸಿ ಈ ಪಾಸಿನ ದರ ಮತ್ತು ಜಾರಿಯ ದಿನಾಂಕವನ್ನು ಪ್ರಕಟಿಸುವ ಹೊಣೆಯನ್ನು ಅದು ಹೊರಬೇಕೆಂದು ಕೋರುತ್ತೇನೆ.

— ನಿತ್ಯ ಪ್ರಯಾಣಿಕ, ಚನ್ನಪಟ್ಟಣ